ಪಕ್ಕದ ಕುರ್ಚಿಯವನ ಕುತ್ತಿಗೆ

ಜೂನ್ 12

ಕತ್ತರಿ,

ಹಾಸ್ಟೆಲಿನವರನ್ನೆಲ್ಲ ಬೈದು ನೀನು ಬರೆದ ಕಾಗದ ಸಿಕ್ತು. ನಿಮ್ಮಮ್ಮ ಎರಡು ಸಲ ಓದಿ, ಮಗಳು ಸೊರಗಿ ಹೋಗಿದಾಳೆ ಅಂತ ತೀರ್ಮಾನ ಮಾಡಿಬಿಟ್ಟಿದಾಳೆ. ಇಷ್ಟು ಬೈಯೋಕೆ ಶಕ್ತಿ ಇದೆ ಅಂದ್ರೆ ಗಟ್ಟಿಯಾಗೇ ಇದಾಳೆ ಬಿಡು ಅಂತ ನಾನಂದೆ.

ಈಗ ನಿನಗೊಂದು ಪರೀಕ್ಷೆ. ಫಿಸಿಯೊಥೆರಪಿ ಓದ್ತೀನಿ ಅಂತ ಹೋಗಿ ಮೂರನೇ ವರ್ಷ ಅಲ್ವಾ, ಏನು ಕಲಿತಿದ್ದೀಯ ನೋಡೋಣ. ರೋಗಿ ಗಂಡಸು. ಐವತ್ತು ದಾಟಿದೆ. ಕಸುಬು ಕಟಿಂಗು, ಶೇವಿಂಗು. ಬೆಳಗ್ಗೆ ಎದ್ದರೆ ಕುತ್ತಿಗೆ ಹಲಗೆ. ಎಡಗಡೆಯಿಂದ ಯಾರಾದರೂ ಕೂಗಿದ್ರೆ ಬರೀ ತಲೆ ತಿರುಗಲ್ಲ, ಇಡೀ ಮೈ ತಿರುಗಿಸಬೇಕು. ನಿಮ್ಮಮ್ಮ ನನ್ನನ್ನ ಬೀರು ಅಂತ ಕರೆಯೋಕೆ ಶುರು ಮಾಡಿದಾಳೆ. ಮಧ್ಯಾಹ್ನದ ಹೊತ್ತಿಗೆ ಹೆಗಲಿನ ಮೇಲೆ ಯಾರೋ ಕೂತ ಹಾಗೆ. ಸಂಜೆ ತಲೆನೋವು ಬೇರೆ.

ಅಂಗಡಿ ಮುಚ್ಚೋ ಹೊತ್ತು ಮಾತ್ರ ಸ್ವರ್ಗ. ನಿನಗೆ ಗೊತ್ತೇ ಇದೆಯಲ್ಲ, ಶಟರ್ ಅರ್ಧ ಎಳೆದ ಮೇಲೆ ನಾನು ನಿನ್ನ ರೇಡಿಯೊ ಚಿಕ್ಕಪ್ಪನ ಕುರ್ಚಿಯಲ್ಲಿ ಕೂತ್ಕೋತೀನಿ. ಅವನು ಒಂದು ಕೈ ಗದ್ದಕ್ಕೆ, ಒಂದು ಕೈ ನೆತ್ತಿಗೆ ಕೊಟ್ಟು ಬಲಕ್ಕೊಂದು, ಎಡಕ್ಕೊಂದು ನೆಟಿಗೆ ತೆಗೀತಾನೆ. ಲಟಕ್. ಆಮೇಲೆ ಅವನು ಕೂತ್ಕೋತಾನೆ, ನಾನು ತೆಗೀತೀನಿ. ಅದಾದ ಮೇಲೇ ಬೀಗ. ನೀನು ಚಿಕ್ಕೋಳಿದ್ದಾಗ ಆ ಸದ್ದಿಗೆ ಕಿವಿ ಮುಚ್ಕೊಂಡು ಓಡ್ತಿದ್ದೆ. ಅಷ್ಟಾದ ಮೇಲೆ ಮನೆ ತನಕ ಕುತ್ತಿಗೆ ಇದೆ ಅಂತಲೇ ಗೊತ್ತಾಗಲ್ಲ. ಬೆಳಗ್ಗೆ ಮತ್ತೆ ಅದೇ ಹಲಗೆ.

ರೇಡಿಯೊ ನಿನ್ನನ್ನ ಕೇಳಿದ. ಪಕ್ಕದ ಕುರ್ಚಿಯಲ್ಲಿ ಇಷ್ಟು ವರ್ಷ ನಿಂತೂ ಅವನ ಬಾಯಿ ಒಂದು ದಿನ ಸುಮ್ಮನಿದ್ದಿದ್ದು ನೋಡಿಲ್ಲ. ಹುಡುಗಿಗೆ ಕತ್ತರಿ ಅಂತ ಹೆಸರಿಟ್ಟಿದ್ದು ನಾನೇ, ನಾಲಿಗೆ ನೋಡೇ ಇಟ್ಟಿದ್ದು ಅಂತ ಇವತ್ತೂ ಗಿರಾಕಿಗಳಿಗೆ ಕೊಚ್ಚಿಕೊಂಡ. ಬೇಗ ಬರಿ.

ಅಪ್ಪ


ಜೂನ್ 21

ಅಪ್ಪ,

ರೋಗಿಯನ್ನ ನೋಡದೆ ಏನೂ ಹೇಳಬಾರದು ಅಂತಾರೆ ನಮ್ಮ ಮೇಡಂ. ಈ ರೋಗಿಯನ್ನ ಹುಟ್ಟಿದಾಗಿನಿಂದ ನೋಡ್ತಾ ಇದೀನಿ, ಅದಕ್ಕೆ ಹೇಳ್ತೀನಿ.

ಮೊದಲು ಪ್ರಶ್ನೆಗೆ ನಿಜ ಹೇಳು. ಕೈಬೆರಳು ಜೋಮು ಹಿಡಿಯುತ್ತಾ? ಕತ್ತರಿ ಕೈಜಾರುತ್ತಾ? ಅಂಗಿಗೆ ಗುಂಡಿ ಹಾಕೋವಾಗ ತಡವರಿಸ್ತೀಯಾ? ನಡೆಯೋವಾಗ ಕಾಲು ಓಲಾಡುತ್ತಾ? ಇದರಲ್ಲಿ ಒಂದಕ್ಕೆ ಹೌದು ಅಂದ್ರೂ ಈ ಕಾಗದ ಮಡಿಸಿಟ್ಟು ಸೀದಾ ಆಸ್ಪತ್ರೆಗೆ ಹೋಗು. ಎಲ್ಲಕ್ಕೂ ಇಲ್ಲ ಅಂದ್ರೆ ಮುಂದೆ ಓದು.

ನಿನ್ನ ನೋವಿಗೆ ಕಾರಣ ನಿನ್ನ ಕುರ್ಚಿ. ಅದನ್ನ ಮೇಲಕ್ಕೆತ್ತೋ ಪಂಪು ಕೆಟ್ಟಿದ್ದು ನಾನು ಹೈಸ್ಕೂಲಲ್ಲಿದ್ದಾಗ. ನೀನೋ ತೆಂಗಿನಮರ. ಕೆಳಗಿರೋ ತಲೆಗೆ ಬಗ್ಗಿ ಬಗ್ಗಿ ನಿನ್ನ ಗದ್ದ ಎದೆಗೆ ಬಂದಿರುತ್ತೆ. ತಲೆ ಅಂದ್ರೆ ಹತ್ತಿರ ಹತ್ತಿರ ಐದು ಕೇಜಿ ಅಪ್ಪ. ನೆಟ್ಟಗಿದ್ರೆ ಬೆನ್ನುಮೂಳೆ ಹೊತ್ಕೊಳ್ಳುತ್ತೆ, ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳು ಜಗ್ಗಿ ಹಿಡ್ಕೊಂಡೇ ಇರಬೇಕು. ತುಂಬಿದ ಕೊಡವನ್ನ ಸೊಂಟಕ್ಕೆ ಆನಿಸಿಕೊಳ್ಳೋದು ಬೇರೆ, ಕೈ ಚಾಚಿ ಹಿಡಿಯೋದು ಬೇರೆ. ನಿನ್ನ ಕುತ್ತಿಗೆ ದಿನವಿಡೀ ಕೈ ಚಾಚಿಕೊಂಡು ನಿಂತಿದೆ.

ಅದಕ್ಕೆ, ಮೊದಲು ಪಂಪು ರಿಪೇರಿ ಮಾಡಿಸು. ಗಿರಾಕಿಯ ತಲೆ ನಿನ್ನ ಎದೆಮಟ್ಟಕ್ಕೆ ಬರಲಿ. ಕುತ್ತಿಗೆ ಬಗ್ಗಿಸೋ ಬದಲು ಕಾಲು ಓಡಿಸು, ಕುರ್ಚಿಯ ಸುತ್ತ ನಡಿ. ಒಂದು ತಲೆ ಮುಗಿದು ಇನ್ನೊಂದು ಕೂರೋ ಮುಂಚೆ ಭುಜ ಹಿಂದಕ್ಕೆ ತಂದು ಬೆನ್ನಿನ ಎರಡು ರೆಕ್ಕೆ ಮೂಳೆ ಹತ್ತಿರ ಸೇರಿಸು, ಬಿಡು. ಆಮೇಲೆ ಕನ್ನಡಿ ಮುಂದೆ ನೆಟ್ಟಗೆ ನಿಂತು ಗದ್ದವನ್ನ ಸೀದಾ ಹಿಂದಕ್ಕೆ ಎಳಿ, ಎರಡು ಗದ್ದ ಬಂದ ಹಾಗೆ ಕಾಣಬೇಕು. ಮೇಲೆ ಕೆಳಗೆ ಅಲ್ಲ, ಹಿಂದಕ್ಕೆ. ಸ್ವಲ್ಪ ಹೊತ್ತು ಹಿಡಿದು ಬಿಡು. ಹಣೆಗೆ ಅಂಗೈ ಕೊಟ್ಟು ತಲೆಯಿಂದ ತಳ್ಳು, ಕೈ ಬಿಡಬಾರದು, ತಲೆ ಅಲ್ಲಾಡಬಾರದು. ಹಾಗೇ ಎರಡು ಪಕ್ಕಕ್ಕೂ. ರಾತ್ರಿ ಬಿಸಿನೀರಿನ ಚೀಲ ಇಟ್ಕೋ. ಆ ಎರಡು ದಿಂಬಲ್ಲಿ ಒಂದನ್ನ ಅಮ್ಮನಿಗೆ ಕೊಟ್ಟುಬಿಡು. ಮಧ್ಯಾಹ್ನ ಬೆಂಚಿನ ಮೇಲೆ ತಲೆ ಜೋತುಬಿಟ್ಟು ತೂಕಡಿಸಬೇಡ.

ಸಂಜೆ ನೀವಿಬ್ಬರೂ ನೆಟಿಗೆ ತೆಗೆಯೋದನ್ನ ನಿಲ್ಲಿಸಿ. ಯಾಕೆ ಅಂತ ಆಮೇಲೆ ಬರೀತೀನಿ, ಈಗ ವಾರ್ಡಿಗೆ ಓಡಬೇಕು.

ಕತ್ತರಿ


ಜುಲೈ 8

ಕತ್ತರಿ,

ಪಾಸಾದೆ ಕಣೇ. ಜೋಮಿಲ್ಲ, ಓಲಾಟ ಇಲ್ಲ, ಕತ್ತರಿ ಕೈಯಲ್ಲೇ ಇದೆ. ಪಂಪು ರಿಪೇರಿ ಆಯ್ತು. ಗಿರಾಕಿಗಳು ಕೂತು ಮೇಲಕ್ಕೆ ಹೋಗ್ತಾ ಇದ್ರೆ ಸಿಂಹಾಸನ ಏರಿದವರ ಥರ ಮುಖ ಮಾಡ್ತಾರೆ. ಗದ್ದ ಎಳೆಯೋ ವ್ಯಾಯಾಮ ಇದೆಯಲ್ಲ, ಅದನ್ನ ಕನ್ನಡಿ ಮುಂದೆ ಮಾಡಿದಾಗ ಹಿಂದಿನ ಬೆಂಚಿನವರು ನನಗೇನೋ ಬಡಕೊಂಡಿದೆ ಅಂದ್ಕೊಂಡ್ರು. ಹೇಳಿದ ಮೇಲೆ ಅವರೂ ಶುರು. ಮೊನ್ನೆ ಬ್ಯಾಂಕಿನ ಮ್ಯಾನೇಜರು, ಬಸ್ ಡ್ರೈವರು, ಶಾಲೆ ಮೇಷ್ಟ್ರು ಸಾಲಾಗಿ ಕೂತು ಗದ್ದ ಹಿಂದಕ್ಕೆ ಎಳೀತಿದ್ರು. ಕೋಳಿಗಳ ಸಭೆ ಅಂದ ರೇಡಿಯೊ. ಅವನು ಮಾತ್ರ ಒಂದನ್ನೂ ಮಾಡಲ್ಲ. ನನ್ನ ಕುತ್ತಿಗೆ ಹಳೇ ಮಾಡೆಲ್ಲು, ಅದಕ್ಕೆ ಹೊಸ ಪಾರ್ಟು ಹೊಂದಲ್ಲ ಅಂತಾನೆ.

ನೋವು ಅರ್ಧ ಇಳಿದಿದೆ. ನಿಜವಾಗಿ. ದಿಂಬಿನ ವಿಷಯದಲ್ಲಿ ಮಾತ್ರ ಜಗಳ ಆಯ್ತು, ಈಗ ಎರಡೂ ನಿಮ್ಮಮ್ಮನ ಹತ್ರ ಇವೆ.

ಸಂಜೆ ನೆಟಿಗೆ ಬಿಡು ಅಂದಿದ್ದೀಯ. ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು ತಾಯಿ. ಅದಿಲ್ಲದೆ ಬೀಗ ಹಾಕಿದ್ರೆ ಅಂಗಡಿ ಮುಚ್ಚಿದ ಹಾಗೇ ಅನ್ನಿಸಲ್ಲ.

ಅಪ್ಪ


ಜುಲೈ 15

ಅಪ್ಪ,

ಇದನ್ನ ತಮಾಷೆ ಮಾಡದೆ ಓದು.

ಲಟಕ್ ಅನ್ನೋ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಏಳೋ ಸದ್ದು. ಅದರಿಂದ ಸ್ವಲ್ಪ ಹೊತ್ತು ಹಗುರ ಅನ್ನಿಸುತ್ತೆ, ಅದು ಸುಳ್ಳಲ್ಲ. ಆದರೆ ಕಾರಣ ಹಾಗೇ ಇರೋದರಿಂದ ಬೆಳಗ್ಗೆ ಮತ್ತೆ ನೋವು ಬರುತ್ತೆ. ಅದಷ್ಟೇ ಆಗಿದ್ರೆ ನಾನು ಸುಮ್ಮನಿರ್ತಿದ್ದೆ.

ಕುತ್ತಿಗೆಯ ಮೂಳೆಗಳ ಪಕ್ಕದಲ್ಲಿ ಸಣ್ಣ ತೂತುಗಳಿವೆ. ಅವುಗಳ ಒಳಗೆ ಹಾದು ಎರಡು ರಕ್ತನಾಳ ಮೆದುಳಿನ ಹಿಂಭಾಗಕ್ಕೆ ಹೋಗ್ತವೆ. ತಲೆಯನ್ನ ಝಾಡಿಸಿ ತಿರುವಿದಾಗ ಮೇಲ್ಗಡೆ ಅವು ಹಿಂಡಿದ ಹಾಗಾಗ್ತವೆ. ಎಲ್ಲೋ ಯಾರಿಗೋ ಒಬ್ಬರಿಗೆ ಒಳಗಿನ ಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಮೆದುಳಿಗೆ ಹೋಗುತ್ತೆ. ಸ್ಟ್ರೋಕ್. ಅಪರೂಪ, ತುಂಬ ಅಪರೂಪ. ಆದರೆ ಯಾರಿಗೆ ಅಂತ ಮೊದಲೇ ತಿಳಿಯೋಕೆ ದಾರಿ ಇಲ್ಲ. ಕಲಿತವರು ಕೂಡ ಅದನ್ನ ಮಾಡೋ ಮುಂಚೆ ಹತ್ತು ವಿಷಯ ನೋಡ್ತಾರೆ, ಎಷ್ಟೋ ಸಲ ಮಾಡೋದೇ ಬೇಡ ಅಂತ ಬಿಡ್ತಾರೆ. ನೀವು ಟವೆಲ್ ಕೊಡವಿದಷ್ಟೇ ಸಲೀಸಾಗಿ ಮಾಡ್ತೀರಿ.

ಗಿರಾಕಿಗಳಿಗೂ ಬೇಡ, ನಿಮಗೂ ಬೇಡ. ತರಗತಿಯಲ್ಲಿ ಮೇಡಂ ಈ ಪಾಠ ಮಾಡಿದಾಗ ನನಗೆ ನಿನ್ನ ಕೈಗಳೇ ಕಣ್ಣಿಗೆ ಬಂದ್ವು. ತಲೆ ತಗ್ಗಿಸಿ ಕೂತಿದ್ದೆ. ನಿನಗೆ ಬೇಜಾರಾಗುತ್ತೆ ಅಂತ ಗೊತ್ತು, ಆದರೂ ಬರೀತಿದ್ದೀನಿ.

ಕತ್ತರಿ


ಆಗಸ್ಟ್ 4

ಮಗಳಿಗೆ,

ನಿನ್ನ ಕಾಗದ ಯಾವಾಗಲೂ ಅಂಗಡಿಯಲ್ಲಿ ಜೋರಾಗಿ ಓದೋದು ನನ್ನ ಅಭ್ಯಾಸ. ಇದನ್ನೂ ಹಾಗೇ ಶುರು ಮಾಡಿದೆ. ಅರ್ಧಕ್ಕೆ ಬಂದಾಗ ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ. ರೇಡಿಯೊ ಪೊರಕೆ ತಗೊಂಡು ಗುಡಿಸಿದ್ದ ಜಾಗವನ್ನೇ ಮತ್ತೆ ಗುಡಿಸಿದ. ಸಂಜೆ ಅಂದ, ಮೂವತ್ತು ವರ್ಷದಲ್ಲಿ ಒಬ್ಬನಾದ್ರೂ ನಮ್ಮ ಕುರ್ಚಿಯಿಂದ ನರಳಿಕೊಂಡು ಎದ್ದಿದ್ದು ಇದೆಯೇನೋ ಅಂತ. ನಾನೂ ಅದನ್ನೇ ಕೇಳ್ತೀನಿ. ಕೆಲಸ ಕಲಿಸಿದವರು ಕತ್ತರಿ ಹಿಡಿಯೋಕೆ ಮುಂಚೆ ನಮಗೆ ಇದನ್ನ ಕಲಿಸಿದ್ರು.

ಆದ್ರೂ ನೀನು ಹೇಳಿದೆ ಅಂತ ಗಿರಾಕಿಗಳಿಗೆ ಬಿಟ್ಟಿದ್ದೀವಿ. ಭುಜ ತಟ್ಟಿ ಆಯ್ತು ಏಳಿ ಅಂದ್ರೆ ಎದ್ದೇಳಲ್ಲ, ಇನ್ನೂ ಏನೋ ಬಾಕಿ ಇದೆ ಅಂತ ಕನ್ನಡಿಯಲ್ಲಿ ಮುಖ ನೋಡ್ತಾರೆ. ಮಗಳು ಬೇಡ ಅಂದಿದಾಳೆ ಅಂತೀನಿ. ಬಸ್ ಡ್ರೈವರು ಈಗ ಆಚೆ ಬೀದಿಯ ಸಲೂನಿಗೆ ಹೋಗ್ತಾನೆ.

ನಾನಂತೂ ಕೂರೋದು ಬಿಟ್ಟೆ. ವ್ಯಾಯಾಮದಲ್ಲೇ ಸರಿಹೋಗಿದೆ, ಸುಳ್ಳು ಯಾಕೆ ಹೇಳಲಿ. ರೇಡಿಯೊ ವಿಷಯ ನನ್ನನ್ನ ಕೇಳಬೇಡ. ಇಷ್ಟು ವರ್ಷ ನನ್ನ ಕುತ್ತಿಗೆ ನೋಡ್ಕೊಂಡವನಿಗೆ ಇವತ್ತು ನಾನು ಆಗಲ್ಲ ಅನ್ನೋದು ಹೇಗೆ?

ಅಪ್ಪ


ಸೆಪ್ಟೆಂಬರ್ 2

ಕತ್ತರಿ,

ಕೋಪ ಗೀಪ ಏನಿಲ್ಲ, ಅಂಗಡಿಗೆ ಬಣ್ಣ ಹೊಡೆಯೋ ಗಲಾಟೆಯಲ್ಲಿ ಬರೆಯೋಕೆ ಆಗಲಿಲ್ಲ. ಗೋಡೆ ನಾನು, ಸೂರು ಅವನು. ಸ್ಟೂಲಿನ ಮೇಲೆ ನಿಂತು ಎರಡು ದಿನ ಮೇಲೆ ನೋಡ್ಕೊಂಡೇ ಹೊಡೆದ. ಬಾಯಿಗೆ ಬಣ್ಣ ಬಿದ್ರೂ ಮಾತು ನಿಲ್ಲಿಸಲಿಲ್ಲ. ಈಗ ಅಂಗಡಿ ಆಸ್ಪತ್ರೆ ಥರ ಬೆಳ್ಳಗಿದೆ.

ಅವನಿಗೊಂದು ವ್ಯಾಯಾಮ ಬರೆದು ಕಳಿಸು, ಈ ಸಲ ಮಾಡ್ತಾನಂತೆ. ಬಣ್ಣ ಹೊಡೆದ ಮೇಲೆ ನೋವು ಶುರುವಾಗಿದೆ, ಆದ್ರೆ ಯಾವಾಗಲೂ ಬರೋ ಥರ ಅಲ್ಲ ಅಂತಾನೆ. ಬಲಗಡೆ, ತಲೆ ಹಿಂದೆ ಕುತ್ತಿಗೆ ಸೇರೋ ಜಾಗದಲ್ಲಿ, ಕಿತ್ತು ತಿನ್ನೋ ಹಾಗೆ. ಇಂಥದ್ದು ಹುಟ್ಟಿದಾಗಿನಿಂದ ಕಂಡಿಲ್ಲವಂತೆ. ನಿನ್ನೆ ಒಂದೆರಡು ಸಲ ತಲೆ ಸುತ್ತಿ ಕುರ್ಚಿ ಹಿಡ್ಕೊಂಡ. ಗಿರಾಕಿಗೆ ಎರಡು ಮೂಗು ಕಾಣ್ತಿದೆ, ಯಾವುದರ ಕೆಳಗೆ ಮೀಸೆ ಕತ್ತರಿಸಲಿ ಅಂದ. ಎಲ್ಲರೂ ನಕ್ಕೆವು. ಬಣ್ಣದ ವಾಸನೆ ಇರಬೇಕು.

ಒಂದು ಸಲ ತಿರುವಿಬಿಡು ಅಂತ ಪೀಡಿಸ್ತಿದಾನೆ. ಮಗಳ ಕಾಗದ ಬರಲಿ ಇರೋ ಅಂದಿದ್ದೀನಿ.

ಅಪ್ಪ


ಸೆಪ್ಟೆಂಬರ್ 6

ಅಪ್ಪ,

ವ್ಯಾಯಾಮ ಬೇಡ. ಮಾಲೀಶು ಬೇಡ. ಯಾರೂ ಚಿಕ್ಕಪ್ಪನ ಕುತ್ತಿಗೆ ಮುಟ್ಟಬೇಡಿ. ಇದನ್ನ ಓದಿದ ತಕ್ಷಣ ಅವರನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ಹೊಸ ಥರದ ನೋವು, ತಲೆ ಸುತ್ತು, ಎರಡೆರಡು ಕಾಣೋದು, ಈ ಮೂರನ್ನೂ ಬಿಡದೆ ಹೇಳಿ. ಕುತ್ತಿಗೆಯ ರಕ್ತನಾಳ ನೋಡಿ ಅಂತ ನೀನೇ ಕೇಳು. ಡಾಕ್ಟರು ಬೈದ್ರೆ ಬೈಲಿ.

ಅಂಗಡಿ ಎದುರಿನ ಔಷಧಿ ಅಂಗಡಿಗೆ ಫೋನ್ ಮಾಡ್ತಾನೇ ಇದೀನಿ, ಯಾರೂ ಎತ್ತುತ್ತಿಲ್ಲ, ಭಾನುವಾರ ಅಂತ ಮುಚ್ಚಿರಬೇಕು. ನಾಳೆ ಬೆಳಗ್ಗೆ ಮತ್ತೆ ಮಾಡ್ತೀನಿ. ಅಪ್ಪ, ದಯವಿಟ್ಟು ಮುಟ್ಟಬೇಡ.

ಕತ್ತರಿ


ಸೆಪ್ಟೆಂಬರ್ 9

ಮಗಳೇ,

ಸೋಮವಾರ ನೀನು ಫೋನ್ ಮಾಡಿದಾಗ ಔಷಧಿ ಅಂಗಡಿಯವರು ಎಷ್ಟು ಹೇಳಿದರೋ ಗೊತ್ತಿಲ್ಲ. ಅಪ್ಪ ಬರೆಯೋ ಸ್ಥಿತಿಯಲ್ಲಿ ಇಲ್ಲ, ಅದಕ್ಕೆ ನಾನು ಬರೀತಿದ್ದೀನಿ.

ಶನಿವಾರ ಸಂಜೆ ಅಂಗಡಿ ಮುಚ್ಚೋ ಹೊತ್ತಿಗೆ ನಿನ್ನ ರೇಡಿಯೊ ಚಿಕ್ಕಪ್ಪ ಕುರ್ಚಿಯಿಂದ ಎದ್ದವರು ಹಾಗೇ ಒಂದು ಪಕ್ಕಕ್ಕೆ ವಾಲಿ ಬಿದ್ದರಂತೆ. ವಾಂತಿ ಮೇಲೆ ವಾಂತಿ. ಒಂದು ರೆಪ್ಪೆ ಇಳಿದುಹೋಗಿತ್ತು, ಮಾತು ತೊದಲ್ತಿತ್ತು, ನೀರು ಕುಡಿಸಿದ್ರೆ ಕೆಮ್ಮಿ ಆಚೆ ಬಂತು. ಅಪ್ಪ ಅವರನ್ನ ಎತ್ತಿಕೊಂಡು ರಸ್ತೆಗೆ ಓಡಿ ಸಿಕ್ಕ ಗಾಡಿ ನಿಲ್ಲಿಸಿದಾರೆ. ಡಾಕ್ಟರು ಸ್ಟ್ರೋಕ್ ಅಂದ್ರು. ಸ್ಕ್ಯಾನ್ ಮಾಡಿ, ಕುತ್ತಿಗೆಯ ರಕ್ತನಾಳ ಒಳಗೆ ಹರಿದಿದೆ ಅಂದ್ರು. ಜೀವಕ್ಕೆ ಅಪಾಯ ಇಲ್ಲ ಅಂತ ನಿನ್ನೆ ಹೇಳಿದ ಮೇಲೆ ನಿನ್ನ ಚಿಕ್ಕಮ್ಮ ಒಂದು ಲೋಟ ಹಾಲು ಕುಡಿದಳು. ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ ಅಂತ ಅಪ್ಪನ ಕೈ ಹಿಡ್ಕೊಂಡು ಅತ್ತಳು. ಅಪ್ಪ ಕೈ ಬಿಡಿಸಿಕೊಂಡು ಹೊರಗೆ ಹೋದರು.

ನಿನ್ನ ಕಾಗದ ಇವತ್ತು ಬಂತು. ಓದಿ ಜೇಬಿಗೆ ಹಾಕ್ಕೊಂಡಿದಾರೆ. ಕೇಳಿದ್ರೂ ನನಗೆ ತೋರಿಸಲಿಲ್ಲ. ರಜ ಸಿಕ್ಕರೆ ಬಾ.

ಅಮ್ಮ


ಸೆಪ್ಟೆಂಬರ್ 22

ಕತ್ತರಿ,

ನೀನು ಬಂದಿದ್ದಾಗ ಕೇಳಬೇಕು ಅಂತಲೇ ಇದ್ದೆ. ಆಸ್ಪತ್ರೆಯಲ್ಲಿ ಚಿಕ್ಕಮ್ಮ ಇದ್ದಳು, ಮನೆಯಲ್ಲಿ ಅಮ್ಮ ಇದ್ದಳು. ಬಸ್ಸಿಗೆ ಹತ್ತಿಸೋವಾಗ ಬಾಯಿ ತನಕ ಬಂತು. ಕಿಟಕಿ ಪಕ್ಕ ಕೂತ್ಕೋ ಅಂದುಬಿಟ್ಟೆ.

ನೀನೂ ಕೇಳಲಿಲ್ಲ. ನಿನಗೆ ಗೊತ್ತಿತ್ತು ಅಂತ ನನಗೆ ಗೊತ್ತು.

ಆ ಶನಿವಾರ ಅವನು ಕುರ್ಚಿಯಲ್ಲಿ ಕೂತು ತಲೆ ಹಿಡ್ಕೊಂಡಿದ್ದ. ನಾನು ತಿರುವಿದೆ. ಎಡಕ್ಕೆ ತಿರುವಿದಾಗ ಸದ್ದು ಬಂತು, ಹಾ ಅಂದ. ಬಲಕ್ಕೆ ತಿರುವಿದಾಗ ಸದ್ದು ಬರಲಿಲ್ಲ. ಸದ್ದು ಬರಲಿಲ್ಲ ಅಂತ ಇನ್ನೊಂದು ಸಲ ತಿರುವಿದೆ, ಸ್ವಲ್ಪ ಜೋರಾಗಿ. ಎದ್ದ. ಬಿದ್ದ.

ಡಾಕ್ಟರು ಅವನನ್ನ ಕೇಳಿದ್ರು, ಯಾರಾದ್ರೂ ಕುತ್ತಿಗೆ ತಿರುವಿದ್ರಾ, ಪೆಟ್ಟು ಬಿತ್ತಾ ಅಂತ. ನಾನು ಮಂಚದ ಕಾಲುಗಡೆ ನಿಂತಿದ್ದೆ. ಅವನು ನನ್ನ ಕಡೆ ನೋಡಿ, ಇಲ್ಲ ಅಂತ ಕೈ ಆಡಿಸಿದ. ಬಣ್ಣ ಹೊಡೀತಿದ್ದೆ ಅಂತ ಸನ್ನೆ ಮಾಡಿದ. ಮಾತಾಡೋಕೇ ಆಗದವನು ನನಗೋಸ್ಕರ ಸುಳ್ಳು ಹೇಳಿದ, ಬಾಯಿ ಇದ್ದ ನಾನು ಸುಮ್ಮನಿದ್ದೆ.

ಈಗ ಮಗಳಾಗಿ ಬೇಡ, ಓದಿದವಳಾಗಿ ಹೇಳು. ನನ್ನ ಕೈಯಿಂದಲೇ ಆಯ್ತಾ?

ಅಪ್ಪ


ಸೆಪ್ಟೆಂಬರ್ 28

ಅಪ್ಪ,

ನಿನ್ನ ಕೈಯಿಂದ ಅಲ್ಲ ಅಂತ ಒಂದು ಕಾಗದ ಬರೆದೆ. ಹರಿದು ಹಾಕಿದೆ.

ಯಾರು ಅಂತ ಹೇಳದೆ ಮೇಡಂ ಹತ್ರ ಕೇಳಿದೆ. ಅವರು ಹೇಳಿದ್ದನ್ನ ಹಾಗೇ ಬರೀತೀನಿ. ಎರಡು ದಿನ ತಲೆ ಹಿಂದಕ್ಕೆ ಹಾಕಿ ಸೂರಿಗೆ ಬಣ್ಣ ಹೊಡೆದಿದ್ದೇ ಆ ನಾಳ ಹರಿಯೋಕೆ ಸಾಕಾಗಿರಬಹುದು. ಹುಟ್ಟಿದಾಗಿನಿಂದ ಕಂಡಿಲ್ಲ ಅಂದ ಆ ನೋವೇ ಹರಿದದ್ದರ ನೋವು ಇರಬೇಕು, ತಲೆ ಸುತ್ತಿದ್ದೂ ಎರಡೆರಡು ಕಂಡಿದ್ದೂ ಅದರದ್ದೇ. ಯಾರೂ ಮುಟ್ಟದೇ ಇದ್ದಿದ್ರೂ ಒಂದೆರಡು ದಿನದಲ್ಲಿ ಹೀಗೇ ಆಗಬಹುದಿತ್ತು. ಆಗದೇ ಇರಬಹುದಿತ್ತು. ನೀನು ತಿರುವಿದ್ದರಿಂದ ಹರಕು ದೊಡ್ಡದಾಗಿರಬಹುದು, ಹೆಪ್ಪು ಅಲ್ಲಿಂದ ಕಿತ್ತು ಹೋಗಿರಬಹುದು. ಯಾವುದು ಅಂತ ಯಾವ ಸ್ಕ್ಯಾನೂ ಹೇಳಲ್ಲ. ಯಾವತ್ತೂ ಗೊತ್ತಾಗಲ್ಲ ಅಪ್ಪ. ಓದಿದವಳ ಉತ್ತರ ಇಷ್ಟೇ.

ಮಗಳ ಉತ್ತರ ನೀನು ಬೇಡ ಅಂದೆ, ಆದ್ರೂ ಬರೀತೀನಿ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಕಾಗದ ಬರೋ ತನಕ ಕಾಯ್ತೀನಿ ಅಂದವನು ಯಾಕೆ ಕಾಯಲಿಲ್ಲ? ಸಿಟ್ಟು ಬಂದಾಗೆಲ್ಲ ಅಳುನೂ ಬರುತ್ತೆ. ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಊರು ದಾಟೋ ತನಕ ಅತ್ತಿದ್ದೀನಿ.

ಒಂದು ಕೆಲಸ ಮಾಡು. ಡಾಕ್ಟರ ಹತ್ರ ಹೋಗಿ ನಿಜ ಹೇಳು. ಚಿಕಿತ್ಸೆ ಮಾಡೋರಿಗೆ ಅದು ಗೊತ್ತಿರಬೇಕು. ನಿನ್ನ ಕುತ್ತಿಗೆ ವ್ಯಾಯಾಮ ನಿಲ್ಲಿಸಿದ್ದೀಯ ಅಂತ ಅಮ್ಮ ಬರೆದಿದಾಳೆ. ನೋಯಲಿ ಬಿಡು ಅಂದೆಯಂತೆ. ನಿನಗೆ ನೋವಾದ್ರೆ ಚಿಕ್ಕಪ್ಪನಿಗೇನೂ ಕಡಿಮೆ ಆಗಲ್ಲ.

ಕತ್ತರಿ


ನವೆಂಬರ್ 3

ನಮ್ಮ ಕತ್ತರಿಗೆ,

ಅಕ್ಷರ ನೋಡಿ ಹೆದರಬೇಡ, ಕೈ ಹೇಳಿದ ಕಡೆ ಹೋಗಲ್ಲ. ಮೂಗು ಮುಟ್ಟು ಅಂದ್ರೆ ಕಿವಿ ಮುಟ್ಟುತ್ತೆ. ನಿನ್ನ ಥರದವಳೇ ಒಬ್ಬಳು ಹುಡುಗಿ ಆಸ್ಪತ್ರೆಯಲ್ಲಿ ದಿನಾ ನನಗೆ ಗೆರೆ ಮೇಲೆ ನಡೆಯೋದು, ನುಂಗೋದು, ಬೆರಳಿಂದ ಮೂಗು ಮುಟ್ಟೋದು ಕಲಿಸ್ತಾಳೆ. ಗಂಟಲು ಕೂತು ಹೋಗಿದೆ. ರೇಡಿಯೊ ಈಗ ಸ್ಟೇಷನ್ ಸಿಗದೆ ಗೊರ ಗೊರ ಅನ್ನುತ್ತೆ. ಮನೆಗೆ ಬಂದು ಎರಡು ವಾರ ಆಯ್ತು.

ನಿಮ್ಮಪ್ಪ ಡಾಕ್ಟರ ಹತ್ರ ಹೋಗಿ ಎಲ್ಲ ಹೇಳಿ ಬಂದ. ಡಾಕ್ಟರು ಬರ್ಕೊಂಡ್ರು, ಇನ್ಮೇಲೆ ಯಾರಿಗೂ ಮಾಡಬೇಡಿ ಅಂದ್ರು, ಅಷ್ಟೇ. ಆಮೇಲೆ ನನ್ನ ಹೆಂಡತಿಗೂ ಹೇಳಿದ. ಅವಳು ಒಂದು ದಿನ ಬೈದಳು, ಮಾರನೇ ದಿನ ಅವನಿಗೋಸ್ಕರ ಕಾದು ಕೂತಳು. ಅವನು ಬರಲಿಲ್ಲ. ಅವತ್ತಿನಿಂದ ಒಂದು ದಿನವೂ ಬಂದಿಲ್ಲ. ಅಂಗಡಿ ತೆಗೀತಾನಂತೆ, ಯಾರ ಕುತ್ತಿಗೆಯನ್ನೂ ಮುಟ್ಟಲ್ಲವಂತೆ, ಹಿಂದಿನ ಕೂದಲು ಹಾಗೇ ಬಿಟ್ಟು ಕಳಿಸ್ತಾನಂತೆ. ಗಿರಾಕಿಗಳು ಬಂದು ನನಗೆ ತೋರಿಸಿ ಹೋಗ್ತಾರೆ.

ಅವನು ನಿನಗೆ ಹೇಳಿರಲ್ಲ, ಅದಕ್ಕೆ ಹೇಳ್ತೀನಿ. ಅವತ್ತು ಅವನು ಒಪ್ಪಲಿಲ್ಲ. ಮಗಳ ಕಾಗದ ಬರಲಿ ಅಂತ ನೂರು ಸಲ ಅಂದ. ನೋವು ತಡೆಯೋಕಾಗದೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಮಗಳು ಓದಿದಳು ಅಂತ ನೀನೂ ದೊಡ್ಡ ಮನುಷ್ಯ ಆದೆಯೇನೋ, ಇನ್ಮೇಲೆ ನನ್ನ ಮೈ ಮುಟ್ಟೋಕೆ ಅಸಹ್ಯನಾ ಅಂದೆ. ಅವನ ಎರಡೂ ಕೈ ಹಿಡಿದು ನನ್ನ ತಲೆ ಮೇಲೆ ನಾನೇ ಇಟ್ಕೊಂಡೆ. ಅಷ್ಟು ಅನ್ನಿಸಿಕೊಂಡ ಮೇಲೆ ಯಾರು ತಾನೆ ಸುಮ್ಮನಿರ್ತಾರೆ?

ಹಾಗಂತ ಅವನ ಮೇಲೆ ಸಿಟ್ಟಿಲ್ಲ ಅಂತಲ್ಲ. ಗೆರೆ ಮೇಲೆ ನಡೆಯೋವಾಗ ಬಿದ್ರೆ ಸಿಟ್ಟು ಬರುತ್ತೆ, ಅವನನ್ನೇ ಬೈತೀನಿ. ಆದ್ರೆ ಬೈಸಿಕೊಳ್ಳೋಕಾದ್ರೂ ಎದುರಿಗೆ ಬರಬೇಕಲ್ಲ. ಗಡ್ಡ ಎದೆಗೆ ಬಂದಿದೆ. ಆಸ್ಪತ್ರೆಯವನು ಕೆರೆಯೋಕೆ ಬಂದಿದ್ದ, ಓಡಿಸಿದೆ. ಈ ಕಾಗದ ಅವನಿಗೆ ಕಳಿಸಬೇಡ.

ನಿನ್ನ ಚಿಕ್ಕಪ್ಪ


ನವೆಂಬರ್ 19

ಕತ್ತರಿ,

ಕಳಿಸಬೇಡ ಅಂತ ಅವನು ಬರೆದಿದ್ರೂ ಆ ಕಾಗದ ನನಗೆ ಕಳಿಸಿದ್ದೀಯ. ಅವನು ಬರೆದದ್ದೆಲ್ಲ ನಿಜ. ಅವನು ಅಂದ ಮಾತುಗಳನ್ನ ನಾನು ನಿನಗೆ ಬರೆದಿರಲಿಲ್ಲ. ಅನ್ನಿಸಿಕೊಂಡಿದ್ದಕ್ಕೆ ಸಿಟ್ಟು ಬಂದು ತಿರುವಿದೆನೋ, ಪ್ರೀತಿಗೆ ತಿರುವಿದೆನೋ, ನನಗೇ ಗೊತ್ತಿಲ್ಲದೆ ನಿನಗೇನಂತ ಬರೆಯಲಿ.

ಸೋಮವಾರ ಶೇವಿಂಗ್ ಸಾಮಾನಿನ ಪೆಟ್ಟಿಗೆ ತಗೊಂಡು ಅವನ ಮನೆಗೆ ಹೋದೆ. ಚಿಕ್ಕಮ್ಮ ಬಾಗಿಲು ತೆಗೆದು, ಬನ್ನಿ ಅಂತ ಕೂಡ ಅನ್ನದೆ ಒಳಗೆ ಹೋಗಿ ಬಿಸಿನೀರಿಗಿಟ್ಟಳು. ಅವನು ಕಿಟಕಿ ಹತ್ರ ಕುರ್ಚಿಯಲ್ಲಿದ್ದ. ನನ್ನನ್ನ ನೋಡಿ ಮುಖ ತಿರುಗಿಸಿದ. ಬಲಕ್ಕೆ, ನಿಧಾನಕ್ಕೆ, ತಾನೇ. ಅಷ್ಟು ತಿರುಗೋಕೆ ಆ ಹುಡುಗಿ ಕಲಿಸಿದಾಳಂತೆ. ಆ ತಿರುಗೋದನ್ನೇ ನೋಡ್ತಾ ನಿಂತುಬಿಟ್ಟೆ.

ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ನುಂಗ್ತಾನೆ, ಸಣ್ಣ ಗಾಯ ಆದ್ರೂ ಬೇಗ ನಿಲ್ಲಲ್ಲ ಅಂತ ಚಿಕ್ಕಮ್ಮ ಹೇಳಿದಳು. ಹೊಸ ಬ್ಲೇಡು ಹಾಕಿದೆ. ಮೊದಲು ಕತ್ತರಿಯಲ್ಲಿ ಇಳಿಸಿದೆ, ನೊರೆ ಹಚ್ಚಿದೆ, ಎರಡು ಕೆನ್ನೆ ಮುಗೀತು. ತುಟಿ ಮೇಲೂ ಮುಗೀತು. ಆಮೇಲೆ ಗದ್ದದ ಕೆಳಗೆ. ಎಡಗೈಯಲ್ಲಿ ಕುತ್ತಿಗೆಯ ಚರ್ಮ ಜಗ್ಗಿ ಹಿಡಿಯದೆ ಅಲ್ಲಿ ಬ್ಲೇಡು ಓಡಲ್ಲ. ಕೈ ಹೋಗಲಿಲ್ಲ ಕಣೇ. ಒಂದು ಗೇಣು ದೂರದಲ್ಲಿ ನಿಂತುಬಿಡ್ತು. ನೊರೆ ಒರೆಸಿ, ನಾಳೆ ಬರ್ತೀನಿ ಅಂತ ಚಿಕ್ಕಮ್ಮನಿಗೆ ಹೇಳಿ ಎದ್ದು ಬಂದುಬಿಟ್ಟೆ. ಬರೋ ಮನಸ್ಸಿರಲಿಲ್ಲ.

ಅವನು ಹಾಗೇ ಕೆನ್ನೆ ನುಣ್ಣಗೆ, ಕೆಳಗೆ ಮೇಕೆ ಗಡ್ಡ ಬಿಟ್ಕೊಂಡು ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಿದಾನೆ. ಇದೇನು ಅಂತ ಕೇಳಿದವರಿಗೆಲ್ಲ, ನಮ್ಮ ಅಂಗಡಿಯವನು ಕೆಲಸ ಅರ್ಧಕ್ಕೆ ಬಿಟ್ಟು ಓಡಿದಾನೆ ಅಂತ ಆ ಗೊರಗೊರ ಗಂಟಲಲ್ಲೇ ಹೇಳಿದಾನಂತೆ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಮೇಷ್ಟ್ರು ಅಂಗಡಿಗೇ ಬಂದು ಕೇಳಿದ್ರು. ನನ್ನ ಕಸುಬಿಗೇ ಮಸಿ. ಬೇಕಂತಲೇ ಮಾಡಿದ, ನನಗೆ ಗೊತ್ತು.

ಇವತ್ತು ಬೆಳಗ್ಗೆ ಮತ್ತೆ ಹೋದೆ. ನೊರೆ ಹಚ್ಚಿದೆ. ಗದ್ದದ ಕೆಳಗೆ ಬಂದಾಗ ಮತ್ತೆ ಹಾಗೇ ನಿಂತೆ. ಬ್ಲೇಡು ಹಿಡಿದ ಕೈ ಗಟ್ಟಿ ಇತ್ತು, ಖಾಲಿ ಕೈಯನ್ನ ಟವೆಲಿಗೆ ಎರಡು ಸಲ ಒರೆಸಿಕೊಂಡೆ. ಆಗ ಅವನು ತಾನೇ ಗದ್ದ ಸ್ವಲ್ಪ ಎತ್ತಿ, ಕಣ್ಣು ಮುಚ್ಚಿದ.

ಹೆದರಿಕೆ ಆಗಲ್ವೇನೋ ಅಂದೆ.

ಆಗುತ್ತೆ ಕಣೋ, ಮಾಡು, ಅಂದ.

ಮಾಡಿದೆ. ಎಡಗೈ ಅವನ ಕುತ್ತಿಗೆ ಮೇಲಿಟ್ಟೆ. ಅಂಗೈ ಕೆಳಗೆ ಅವನ ನಾಡಿ ಓಡ್ತಿತ್ತು, ನನಗಿಂತ ಜೋರಾಗಿ. ಒಂದು ಹನಿ ರಕ್ತ ಬರಲಿಲ್ಲ. ಮುಗಿದ ಮೇಲೆ ಕನ್ನಡಿ ಕೊಟ್ಟೆ, ಅವನು ತುಂಬ ಹೊತ್ತು ನೋಡ್ಕೊಂಡ. ನಾನು ಮನೆಗೆ ಬಂದು ಬಾಗಿಲು ಹಾಕ್ಕೊಂಡು ಅತ್ತೆ.

ಅಪ್ಪ